ಭೀಮಲಿಂಗನ ಕಿವಿಗುರುತು

ಕಗ್ಗಲ್ಲಹಟ್ಟಿಯಲ್ಲಿ ಯಾರ ಮನೆಯಲ್ಲಿ ಕುರಿ ಈದರೂ ಒಂಬತ್ತನೆಯ ದಿನ ಗಂಗಕ್ಕನಿಗೆ ಕರೆ ಹೋಗುತ್ತಿತ್ತು. ಮರಿಯ ಕಿವಿಗೆ ಆ ಮನೆಯ ಗುರುತು ಹಾಕುವ ಕೈ ಆಕೆಯದು. ನಿಜವಾಗಿ ಅದು ಗಂಡಸರ ಕೆಲಸ. ಆದರೆ ಆಲೂರಿನ ಹತ್ತಿರದ ತವರುಮನೆಯಲ್ಲಿ ಅಪ್ಪನ ಕೈ ನಡುಗುತ್ತಿತ್ತೆಂದು ಹತ್ತು ವರ್ಷಕ್ಕೇ ಆಕೆ ಚೂರಿ ಹಿಡಿದಿದ್ದಳು. ಮದುವೆಯಾಗಿ ಬಂದ ಮೊದಲ ವರ್ಷ ಸೊಸೆಯ ಕೈಚಳಕ ನೋಡಿದ ಮಾವ ತನ್ನ ಚೂರಿಯನ್ನು ಆಕೆಗೇ ಕೊಟ್ಟುಬಿಟ್ಟ. ಮರಿ ಒಮ್ಮೆ ಅರಚುವಷ್ಟರಲ್ಲಿ ಕೆಲಸ ಮುಗಿದು, ಗಾಯಕ್ಕೆ ಬೂದಿ ಅರಿಸಿನ ಮೆತ್ತಿ, ಮರಿಯನ್ನು ತಾಯಿಯ ಕೆಚ್ಚಲಿಗೆ ಬಿಟ್ಟಾಗಿರುತ್ತಿತ್ತು. ಆಕೆ ಕೊಯ್ದ ಕಿವಿಗೆ ಹುಳ ಬಿದ್ದದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ.

ಇಷ್ಟು ಕಿವಿ ಕೊಯ್ದವಳಿಗೆ ತನ್ನದೆನ್ನುವ ಒಂದು ಗುರುತು ಇರಲಿಲ್ಲ. ಹೆಂಗಸರಿಗೆ ಗುರುತಿಲ್ಲ. ಇದನ್ನು ನಿಯಮವೆಂದು ಯಾರೂ ಹೇಳಿದ್ದಿಲ್ಲ. ಮಳೆ ಮೇಲಿನಿಂದ ಬೀಳುತ್ತದೆಂದು ಯಾರಾದರೂ ಹೇಳಬೇಕೆ?

ಗಂಡುಮಗು ಹುಟ್ಟಿದರೆ ಹುಟ್ಟುಗೂದಲಿನ ಜಾವಳ ತೆಗೆಸುವ ದಿನ ಸೋದರಮಾವ ಒಂದು ಹೆಣ್ಣುಮರಿ ತರುತ್ತಾನೆ. ಬೀರಪ್ಪನ ಗುಡಿಯ ಮುಂದೆ ಕರಿಯ ಕಂಬಳಿ ಹಾಸಿ, ಭಂಡಾರದ ಅರಿಸಿನ ಚೆಲ್ಲಿ, ಗದ್ದಿಗೆ ಮಾಡುತ್ತಾರೆ. ಆ ಗದ್ದಿಗೆಯ ಮೇಲೆ ಮರಿಯ ಕಿವಿಗೆ ಹೊಸದೊಂದು ಗುರುತು ಬೀಳುತ್ತದೆ. ಅಲ್ಲಿಂದ ಮುಂದೆ ಆ ಮರಿ, ಅದರ ಮರಿ, ಮರಿಯ ಮರಿ ಎಲ್ಲವೂ ಆ ಮಗನವು. ಗದ್ದಿಗೆಯ ಮೇಲೆ ಹಾಕಿದ ಗುರುತನ್ನು ಮನುಷ್ಯ ಬದುಕಿರುವ ತನಕ ಯಾರೂ ಮುಟ್ಟುವಂತಿಲ್ಲ.

ಗಂಗಕ್ಕನ ಕಿರಿಯ ಮಗ ಭೀಮಲಿಂಗನ ಜಾವಳಕ್ಕೆ ಆಕೆಯ ತಮ್ಮ ಉರುಕುಂದಪ್ಪ ಮರಿಯನ್ನು ಹೆಗಲ ಮೇಲೆ ಹೊತ್ತು ನಡೆದು ಬಂದಿದ್ದ.

"ಹೆಂಗ ಕೊಯ್ಯಾನವ್ವ ಅಕ್ಕಾ?" ಎಂದು ಕೇಳಿದ.

"ಎಡಗಿವಿ ಕೆಳಗ ಎರಡು ಕಚ್ಚು. ಬಲಗಿವಿ ತುದಿ ಸೀಳು."

"ಎರಡೂ ಕಿವಿ ಯಾಕ? ದೊಡ್ಡಾವಗ ಒಂದ ಕಚ್ಚು ಸಾಕಾಗೈತಿ."

"ದೊಡ್ಡಾವ ಕರದ್ರ ಬರ್ತಾನ. ಇವ ಹುಟ್ಟಿದಾಗಿಂದ ಓಡಾದ ಕಲ್ತಾನ. ಇವನ್ವು ದೂರದಿಂದನ ಕಾಣಬೇಕು."

ಮುಂದೆ ಎರಡು ವರ್ಷಕ್ಕೆ ಗಂಗಕ್ಕನ ಗಂಡ ಜಂಬಪ್ಪ ವಾಂತಿಭೇದಿಗೆ ಹೋದ. ಅದೇ ಬೇಸಗೆಯಲ್ಲಿ ತವರಿನಲ್ಲಿ ಉರುಕುಂದಪ್ಪನೂ ಹೋದ. ಅವನಿಗೆ ಮಕ್ಕಳಿರಲಿಲ್ಲ. ಗಂಗಕ್ಕ ಎರಡು ಗಂಡುಮಕ್ಕಳನ್ನೂ ಹಿಂಡನ್ನೂ ಒಟ್ಟಿಗೇ ಬೆಳೆಸಿದಳು. ಹಿರಿಯ ಉಚ್ಚೀರಪ್ಪ ಕುರಿಯ ಹಿಂದೆ ಹೋದ. ಕಿರಿಯವನನ್ನು ಆಲೂರಿನ ಶಾಲೆಗೆ ಕಳಿಸಿದಳು. ಅಲ್ಲಿ ಅವನ ಪಕ್ಕದಲ್ಲಿ ಕೂರುತ್ತಿದ್ದವನು ಪಂಚಾಕ್ಷರಯ್ಯ, ಕಗ್ಗಲ್ಲಹಟ್ಟಿಯದೇ ಜಂಗಮರ ಹುಡುಗ. ಇಬ್ಬರೂ ನಾಲ್ಕು ಮೈಲಿ ನಡೆದು ಹೋಗಿ ನಾಲ್ಕು ಮೈಲಿ ನಡೆದು ಬರುತ್ತಿದ್ದರು. ದಾರಿಯುದ್ದಕ್ಕೂ ಭೀಮಲಿಂಗ ಕಂಡವರ ಹೊಲದ ಶೇಂಗಾ ಕಿತ್ತು ತಿನ್ನುತ್ತಿದ್ದ. ಬೈಸಿಕೊಳ್ಳುವುದು ಮಾತ್ರ ಇಬ್ಬರಿಗೂ ಸಮಪಾಲು. ಪಂಚಾಕ್ಷರಯ್ಯ ಓದಿ, ಆಮೇಲೆ ಊರಿಗೇ ಬಂದ ಶಾಲೆಗೆ ಮೇಷ್ಟ್ರಾದ. ಭೀಮಲಿಂಗ ನಾಲ್ಕನೆಯ ತರಗತಿ ದಾಟಿ ಹಿಂಡಿಗೆ ಬಂದ. ಆದರೆ ಅವನ ಕಣ್ಣು ಸದಾ ಗುಂತಕಲ್ಲಿನ ಕಡೆ ಹೋಗುವ ರೈಲಿನ ಹೊಗೆಯ ಮೇಲೆ.

ಜರ್ಮನಿಯ ಲಡಾಯಿ ಶುರುವಾದ ಎರಡನೆಯ ವರ್ಷ ಬಳ್ಳಾರಿಗೆ ಹೋಗಿ ಹೆಸರು ಬರೆಸಿ ಬಂದ. ದಂಡಿಗೆ ರಸ್ತೆ ಹಾಕುವ ಪಡೆ.

"ಬಂದೂಕ ಕೊಡ್ತಾರೇನೊ?" ಎಂದು ಅಣ್ಣ ಕೇಳಿದ.

"ಗುದ್ದಲಿ ಕೊಡ್ತಾರ."

"ಗುದ್ದಲಿ ಹಿಡ್ಯಾಕ ಅಷ್ಟು ದೂರ ಯಾಕ? ಮನ್ಯಾಗ ಎರಡು ಅದಾವ."

"ನಿನ್ನ ಗುದ್ದಲಿಗೆ ರೈಲು ಟಿಕೀಟು ಕೊಡಾಂಗಿಲ್ಲಲ್ಲೋ ಅಣ್ಣಾ!"

ಗಂಗಕ್ಕ ಮೂರು ದಿನ ಅವನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಹೊರಡುವಾಗ ತಾನೇ ನೂಲು ತೆಗೆದು ನೇಯಿಸಿದ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದಳು. "ನಿನ್ನ ಕುರಿ ನಾ ನೋಡ್ಕೊಂತೀನಿ. ನೀ ನಿನ್ನ ನೋಡ್ಕೊ" ಎಂದಳು.

ಅವನ ಕಾಗದಗಳು ಅರ್ಧ ಕನ್ನಡ, ಅರ್ಧ ತೆಲುಗು. ಓದಿ ಹೇಳುವವನು ಪಂಚಾಕ್ಷರಯ್ಯ. ಮೊದಲ ಸಾಲು ತಾನು ಚೆನ್ನಾಗಿದ್ದೇನೆಂದು "ನೇನು ಬಾಗುನ್ನಾನು" ಎಂದಿದ್ದರೆ ಎರಡನೆಯ ಸಾಲು "ನನ್ನ ಕುರಿ ಎಷ್ಟಾದವು?" ಯುದ್ಧದ ಸುದ್ದಿ ಬರೆಯಲು ಬಿಡುತ್ತಿರಲಿಲ್ಲವೋ, ಅವನಿಗೇ ಬೇಕಿರಲಿಲ್ಲವೋ! ಯಾವ ಕುರಿ ಈಯಿತು, ಕುಂಟುಕಾಲಿನದು ಹೇಗಿದೆ, ಟಗರನ್ನು ಅಣ್ಣ ಮಾರಿಲ್ಲ ತಾನೇ, ಇವೇ ಪ್ರಶ್ನೆಗಳು. ಗಂಗಕ್ಕ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಎರಡೂ ಕಿವಿಯ ಗುರುತಿನವನ್ನು ಮಾತ್ರ ಎಣಿಸಿ ಉತ್ತರ ಬರೆಸುತ್ತಿದ್ದಳು.

ಮೂರು ವರ್ಷ ಹೀಗೆ ನಡೆಯಿತು. ನಲವತ್ತನಾಲ್ಕರ ಬೇಸಗೆಯಲ್ಲಿ ತಳವಾರನು ತಂತಿ ತಂದ. ಗಂಗಕ್ಕ ಅದನ್ನು ಹಿಡಿದು ಶಾಲೆಗೇ ಹೋದಳು. ಪಂಚಾಕ್ಷರಯ್ಯ ಓದಿದ. ಮಕ್ಕಳನ್ನು ಮನೆಗೆ ಕಳಿಸಿದ. ಮತ್ತೆ ಓದಿದ.

"ಹೇಳ್ರಿ ಅಯ್ಯಾ."

"ಅವ್ವಾ, ಬರ್ಮಾದ ಕಡೆ ಗುಡ್ಡದಾಗ... ರಸ್ತಿ ಹಾಕೋ ಮುಂದ ಬಾಂಬು ಬಿದ್ದೈತಂತ. ಭೀಮ ಹೋಗ್ಯಾನ."

"ಎಲ್ಲಿ ಹೂಳ್ಯಾರಂತ?"

"ಅದನ್ನ ಬರ್ದಿಲ್ಲವ್ವ."

ಹದಿನೈದು ದಿನದ ಮೇಲೆ ಅಚ್ಚು ಹಾಕಿದ ಕಾಗದವೊಂದು ಬಂತು. ಸಾಮ್ರಾಜ್ಯದ ರಕ್ಷಣೆಗಾಗಿ ವೀರಮರಣ ಎಂದು ಅದರಲ್ಲಿತ್ತು. ಪಂಚಾಕ್ಷರಯ್ಯ ಅದನ್ನು ಓದುತ್ತಿದ್ದಂತೆ ಗಂಗಕ್ಕ ಕೈ ಎತ್ತಿ ನಿಲ್ಲಿಸಿದಳು. "ಯಾರ ಸಾಮ್ರಾಜ್ಯ ಅಯ್ಯಾ? ಅವ ರಸ್ತಿ ಹಾಕಾಕ ಹೋಗಿದ್ದ. ರಸ್ತಿ ಹಾಕಾವನ ಮ್ಯಾಲ ಬಾಂಬು ಒಗದ್ರು. ಅಷ್ಟು ಬರ್ಯಾಕ ಇಷ್ಟು ಮಾತು ಬೇಕೇನು?" ಪಂಚಾಕ್ಷರಯ್ಯ ಕಾಗದವನ್ನು ಮಡಚಿಟ್ಟ.

ಅವನಿಗೆ ಮದುವೆಯಾಗಿರಲಿಲ್ಲ. ಫೋಟೋ ತೆಗೆಸಿರಲಿಲ್ಲ. ಹೂವು ಹಾಕಲು ಊರಲ್ಲಿ ಅವನ ಗುಂಡಿಯೂ ಇಲ್ಲ. ಭೀಮಲಿಂಗನೆಂಬವನೊಬ್ಬ ಇದ್ದನೆಂದು ಕಗ್ಗಲ್ಲಹಟ್ಟಿಯಲ್ಲಿ ತೋರಿಸಲು ಉಳಿದದ್ದು ಇಪ್ಪತ್ತೆರಡು ಕುರಿಗಳ ಕಿವಿ ಮಾತ್ರ.

ಆ ಕಿವಿಗಳಿಗೂ ಒಂದು ಪದ್ಧತಿ ಇತ್ತು. ಮಕ್ಕಳಿಲ್ಲದೆ ಸತ್ತವನ ಗುರುತನ್ನು ವರ್ಷದೊಳಗೆ ಮುಚ್ಚಬೇಕು. ಕಚ್ಚು ಬಿದ್ದ ಅಂಚನ್ನು ಪೂರ್ತಿ ಸವರಿ ತೆಗೆದು, ಮೇಲೆ ಅಣ್ಣತಮ್ಮಂದಿರ ಗುರುತು ಹಾಕಬೇಕು. ಹುಟ್ಟುವ ಮರಿಗೆ ಹಳೆಯ ಗುರುತು ಬೀಳಕೂಡದು. ಸತ್ತವನು ತನ್ನ ಕುರಿ ಹುಡುಕಿಕೊಂಡು ತಿರುಗಬಾರದೆಂದು ಹಿರಿಯರು ಕಾರಣ ಹೇಳುತ್ತಿದ್ದರು.

ದಸರೆ ಕಳೆದ ಮೇಲೆ ಉಚ್ಚೀರಪ್ಪ ತಾಯಿಯ ಮುಂದೆ ಕುಳಿತು ವಿಷಯ ತೆಗೆದ. ಆದೋನಿಯ ಕಾಶಿಂಸಾಬ ದಂಡಿನವರ ಮಾಂಸಕ್ಕೆಂದು ಹಳ್ಳಿಹಳ್ಳಿಯಲ್ಲಿ ಕುರಿ ಕೊಳ್ಳುತ್ತಿದ್ದಾನೆ. ತಮ್ಮನವನ್ನೂ ಸೇರಿಸಿ ನಲವತ್ತು ಕೊಡುವುದಾಗಿ ಮಾತಾಗಿದೆ. ಆದರೆ ಎರಡು ಥರದ ಗುರುತಿದ್ದರೆ ಬಳ್ಳಾರಿಯ ದಾರಿಯಲ್ಲಿ ಕದ್ದ ಕುರಿ ಎಂದು ತಡೆಯುತ್ತಾರೆ. ಸಾಬ ಒಂದೇ ಗುರುತು ಕೇಳುತ್ತಾನೆ.

"ಹೆಂಗೂ ಮುಚ್ಚಾದೈತಿ. ನಿನ್ನ ಕೈಲೆ ಆದ್ರ ಕುರಿಗೆ ತ್ರಾಸ ಆಗಾಂಗಿಲ್ಲ."

"ನಾ ಮುಚ್ಚಾಂಗಿಲ್ಲ."

"ಎವ್ವಾ, ಪದ್ಧತಿ ಐತಿ."

"ಇರ್ಲಿ. ದಂಡಿನವರು ನನ್ನ ಮಗನ್ನ ತಿಂದಾರ. ಅವನ ಕುರೀನೂ ತಿನಬೇಕೇನು? ಹೊಟ್ಟಿ ಯಾವಾಗ ತುಂಬತೈತಿ ಅವರದು?"

ಉಚ್ಚೀರಪ್ಪ ದುರಾಸೆಯವನಲ್ಲ. ನೆಲ ಕೆರೆಯುತ್ತ ಮೆಲ್ಲಗೆ ಹೇಳಿದ. "ದಿನಾ ಮುಂಜಾನೆ ರೊಪ್ಪದ ಬಾಗಲಾ ತಗದ್ರ ಅವನ ಗುರುತ ಮುಂದ ಬರತೈತಿ. ನನಗ ನೋಡಾಕ ಆಗವಲ್ದವ್ವ."

"ನನಗ ನೋಡದ ಇರಾಕ ಆಗವಲ್ದು."

ಮಾತು ಅಲ್ಲಿಗೆ ನಿಂತಿತು. ಗಂಗಕ್ಕ ಅದು ಮುಗಿಯಿತೆಂದುಕೊಂಡು ಪತ್ತಿಕೊಂಡದಲ್ಲಿದ್ದ ನಾದಿನಿಯ ಮನೆಗೆ, ಅವಳ ಮಗಳ ಬಾಣಂತನಕ್ಕೆ ಹೋದಳು. ಎಂಟು ದಿನ ಕಳೆದು ಬಂದು ರೊಪ್ಪಕ್ಕೆ ಕಾಲಿಟ್ಟರೆ ಮೂರು ಕುರಿಗಳು ತಲೆ ಕೊಡವುತ್ತ ಮೂಲೆಯಲ್ಲಿ ನಿಂತಿದ್ದವು. ಎಡಗಿವಿ ಅರ್ಧಕ್ಕೆ ಅರ್ಧ ಇಲ್ಲ. ಉಚ್ಚೀರಪ್ಪನ ಮೊಂಡು ಚೂರಿ ಚರ್ಮವನ್ನು ಹರಿದಿತ್ತು. ನೊಣ ಕೂತು ಹುಳ ಬಿದ್ದಿತ್ತು. ಆ ಮೂರರಲ್ಲಿ ಒಂದು ಕುಂಟುಕಾಲಿನದು.

 ಗಂಗಕ್ಕ ಸೊಸೆ ಜಯಕ್ಕನಿಂದ ಸೀತಾಫಲದ ಎಲೆ ಅರೆಸಿ ತರಿಸಿದಳು. ಬೇವಿನ ಕಡ್ಡಿಯಿಂದ ಒಂದೊಂದೇ ಹುಳ ತೆಗೆದು ಎಲೆಯ ರಸ ಹಿಂಡಿದಳು. ಜಯಕ್ಕ ಕುರಿಯ ತಲೆ ಹಿಡಿದು ಕೂತಿದ್ದಳು.

"ನಾ ಬ್ಯಾಡ ಅಂದೆ ಅತ್ತಿ. ಕೇಳಲಿಲ್ಲ. ಮೂರನೇದು ಕೊಯ್ಯೋ ಮುಂದ ತಾನ ಅತ್ತ. ಆಮ್ಯಾಲ ಚೂರಿ ಒಗದು ಹೋದ."

"ಅತ್ತನೇನು?"

"ಹೂಂ. ಆದ್ರ ಸೋಮಾರ ಉಳಿದವನ್ನ ಮಾರೆಣ್ಣ ಮಾವನ ಕೈಲೆ ಕೊಯ್ಸತೀನಿ ಅಂತಾನ. ಮಂಗಳಾರ ಸಾಬ ಬರ್ತಾನಂತ."

ಮಾರೆಣ್ಣ ಕಟ್ಟೆಮನೆಯ ಹಿರಿಯ. ಕುಲದ ನ್ಯಾಯ ಹೇಳುವ ಆ ಕಟ್ಟೆಮನೆ ಬೀರಪ್ಪನ ಗುಡಿಯ ಮುಂದೆ ಸೇರುತ್ತಿತ್ತು. ಗಂಗಕ್ಕ ಅಂದೇ ಸಂಜೆ ಅವನ ಮನೆಗೆ ಹೋಗಿ, ಸೋಮವಾರ ಕುರಿಯ ಕಿವಿ ಕೊಯ್ಯುವ ಮೊದಲು ನ್ಯಾಯ ಆಗಬೇಕು ಎಂದಳು.

"ಯಾರ ನ್ಯಾಯವ್ವ?"

"ನಂದು."

"ಯಾರ ಮ್ಯಾಲ?"

"ಪದ್ಧತಿ ಮ್ಯಾಲ."

ಮಾರೆಣ್ಣ ಹಲ್ಲಿಲ್ಲದ ಬಾಯಲ್ಲಿ ನಕ್ಕ. "ಪದ್ಧತಿಗೆ ಹೇಳಿ ಕಳಸಾಕ ತಳವಾರನ್ನ ಎಲ್ಲಿಗೆ ಕಳಸ್ಲಿ ಹೇಳು?" ಆದರೆ ಒಪ್ಪಿದ. ಊರಿನ ಅರ್ಧ ಹಿಂಡಿಗೆ ಆಕೆಯೇ ಗುರುತು ಹಾಕಿದವಳು. ಇಲ್ಲವೆನ್ನುವುದು ಸುಲಭವಲ್ಲ.

ಸೋಮವಾರ ಗುಡಿಯ ಮುಂದೆ ಕಂಬಳಿ ಹಾಸಿ ಗದ್ದಿಗೆ ಮಾಡಿದರು. ಹಿರಿಯರು ಸುತ್ತ ಕುಳಿತರು. ಹೆಂಗಸರು ಎಂದಿನಂತೆ ಬೇವಿನ ಮರದ ಆಚೆ ನಿಂತರು. ಪಂಚಾಕ್ಷರಯ್ಯ ಬೇರೆ ಕುಲದವನಾದ್ದರಿಂದ ಗೋಡೆಯ ಹೊರಗೆ. ಗಂಗಕ್ಕ ಒಬ್ಬಳೇ ಮುಂದೆ ಬಂದಳು. ಆಕೆಯ ಕಂಕುಳಲ್ಲಿ ಹತ್ತು ದಿನದ ಹೆಣ್ಣುಮರಿ. ಅದಕ್ಕೆ ಇನ್ನೂ ಗುರುತು ಬಿದ್ದಿರಲಿಲ್ಲ.

"ಮಾವಾ, ಒಂದು ಕೇಳ್ತೀನಿ. ಭೀಮನ ಗುರುತು ಯಾರು ಕೊಟ್ರು?"

"ಸೋದರಮಾವ ಕೊಟ್ಟ. ಎಲ್ಲಾರಿಗೂ ಅವರ ಕೊಡಾದು."

"ಮರಿ ಯಾರ ಮನಿಂದ ಬಂತು?"

"ನಿನ್ನ ತೌರಿಂದ."

"ಮದವಿ ಮುರದ್ರ ಕೊಟ್ಟ ಸೀರಿ ಕೊಟ್ಟ ಮನಿಗೆ ಹೊಳ್ಳಿ ಹೋಗತೈತಿ. ಹೌದಿಲ್ಲೊ? ಹಂಗಾರ ಉಣ್ಣಾವ ಇಲ್ಲದ ಮ್ಯಾಲ ಕೊಟ್ಟ ಗುರುತೂ ಕೊಟ್ಟ ಮನಿಗೆ ಹೋಗಬೇಕಲ್ಲ. ಅಣ್ಣತಮ್ಮರಿಗೆ ಯಾಕ ಹೋಗತೈತಿ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ನಿನ್ನ ತೌರಾಗ ಯಾರ ಅದಾರವ್ವ? ಉರುಕುಂದಪ್ಪ ಸತ್ತು ಇಪ್ಪತ್ತು ವರ್ಷ ಆತು."

"ನಾನದೀನಿ."

"ನೀ ಹೆಂಗಸು."

"ಅದು ನನಗೂ ಗೊತ್ತೈತಿ."

ಯಾರೋ ನಕ್ಕರು. ಮಾರೆಣ್ಣ ನಗಲಿಲ್ಲ. "ಗಂಗಕ್ಕಾ, ನಿನ್ನ ದುಃಖ ನಮಗ ತಿಳೀತೈತಿ. ಮಗ ಹೋಗ್ಯಾನ. ಆದ್ರ ಹೆಂಗಸರಿಗೆ ಗುರುತಿಲ್ಲ. ನಮ್ಮಪ್ಪನ ಕಾಲ್ದಾಗ ಇಲ್ಲ, ಅವರಪ್ಪನ ಕಾಲ್ದಾಗ ಇಲ್ಲ. ಸತ್ತವನ ಗುರುತು ಉಳದ್ರ ಅವ ಬಂದು ತಿರುಗಾಡ್ತಾನ."

"ಬರ್ಲಿ!" ಗಂಗಕ್ಕನ ದನಿ ಗುಡಿಯ ಹಿಂದಿನವರೆಗೂ ಕೇಳಿಸಿತು. "ಬಂದು ತಿರುಗ್ಲಿ. ಎಲ್ಲಿ ಹೂಳ್ಯಾರ ಗೊತ್ತಿಲ್ಲ, ಹೂಳ್ಯಾರೋ ಇಲ್ಲೋ ಅದೂ ಗೊತ್ತಿಲ್ಲ. ಅವ ಬರಾದಾದ್ರ ಗುರ್ತು ಹಿಡ್ಯಾಕ ಊರಾಗ ಒಂದಾದ್ರೂ ಕಿವಿ ಬ್ಯಾಡೇನು? ನಿಮಗ ಅಂಜಿಕಿ ಆದ್ರ ಬಾಗಲಾ ಹಾಕ್ಕೊಂಡು ಮಲಗ್ರಿ."

ಉಚ್ಚೀರಪ್ಪ ತಲೆ ತಗ್ಗಿಸಿ ಕುಳಿತಿದ್ದ. ಹಿರಿಯರು ತಲೆ ಹತ್ತಿರ ತಂದು ಮಾತಾಡಿಕೊಂಡರು. ಕೊನೆಗೆ ಮಾರೆಣ್ಣ ಗದ್ದಿಗೆಯ ಕಡೆ ಕೈ ತೋರಿಸಿ ತೀರ್ಪು ಹೇಳಿದ. ಪದ್ಧತಿ ಇದ್ದಂತೆಯೇ. ಗುರುತು ಮುಚ್ಚಬೇಕು. ಇವತ್ತೇ.

"ಆತು" ಎಂದಳು ಗಂಗಕ್ಕ.

ಕಾಲಿನ ಧೂಳು ಕೊಡವಿ ಕಂಬಳಿಯ ಮೇಲೆ ಹತ್ತಿ ನಡುವೆ ಕುಳಿತಳು.

ಹೆಂಗಸು ಗದ್ದಿಗೆ ಹತ್ತಿದ್ದನ್ನು ಅಲ್ಲಿದ್ದ ಯಾರೂ ಕಂಡವರಲ್ಲ. ಏನು ಮಾಡಬೇಕೆಂದು ಅವರಿಗೆ ತೋಚುವ ಮೊದಲೇ ಮರಿ ಆಕೆಯ ಎರಡು ಮೊಣಕಾಲಿನ ನಡುವೆ ಇತ್ತು. ಸೊಂಟದ ಚೂರಿ ಕೈಗೆ ಬಂದಿತ್ತು. ಎಡಗಿವಿಯ ಕೆಳಗೆ ಒಂದು. ಇನ್ನೊಂದು. ಬಲಗಿವಿಯ ತುದಿಯಲ್ಲಿ ಸೀಳು. ಮರಿ ಒಮ್ಮೆ ಅರಚಿತು. ಆಕೆ ಕಂಬಳಿಯ ಮೇಲಿನ ಭಂಡಾರವನ್ನೇ ಬಾಚಿ ಗಾಯಕ್ಕೆ ಮೆತ್ತಿದಳು.

"ಇದು ನನ್ನ ಗುರುತು. ತೌರಿಂದ ಬಂದದ್ದು. ಗದ್ದಿಗಿ ಮ್ಯಾಲ ಬಿದ್ದೈತಿ, ನೀವೆಲ್ಲಾ ನೋಡೀರಿ. ಭೀಮನ ಕುರಿ ಕಿವ್ಯಾಗ ಇರಾದೂ ಇದ, ಅವೂ ಈಗ ನನ್ವು. ನಾ ಸಾಯೋ ತನಕ ಇದನ್ನ ಯಾವಾನೂ ಮುಟ್ಟಾಂಗಿಲ್ಲ. ಇದು ನನ್ನ ಪದ್ಧತಿ ಅಲ್ಲ, ನಿಮ್ಮದು."

"ಕಂಬಳಿ ಎತ್ರಿ!" ಎಂದು ಒಬ್ಬ ಮುದುಕ ಕಿರುಚಿದ.

"ಎತ್ರಿ" ಎಂದಳು ಆಕೆ. "ನನ್ನೂ ಸೇರಿಸಿ ಎತ್ರಿ. ಎಷ್ಟ ಮಂದಿ ಬೇಕಾಗತೈತಿ ನೋಡ್ಕೊಳ್ರಿ."

ಬೇವಿನ ಮರದ ಆಚೆ ಹೆಂಗಸರ ನಗು ಒಡೆಯಿತು. ಗೋಡೆಯ ಹೊರಗಿದ್ದ ಪಂಚಾಕ್ಷರಯ್ಯ ಕಣ್ಣೊರೆಸಿಕೊಂಡ. ಗೆಳೆಯ ಸತ್ತ ಸುದ್ದಿ ಓದಿದ ದಿನ ಬಾರದಿದ್ದ ಅಳು ಆಗ ಬಂತು.

ಗದ್ದಿಗೆಯ ಗುರುತನ್ನು ಅಳಿಸುವ ಧೈರ್ಯ ಕಟ್ಟೆಮನೆಗೆ ಬರಲಿಲ್ಲ. ಹಾಗೆಂದು ಸುಮ್ಮನಿರಲೂ ಆಗಲಿಲ್ಲ. ಒಂದು ವರ್ಷ ಯಾರೂ ಗಂಗಕ್ಕನನ್ನು ಕಿವಿ ಕೊಯ್ಯಲು ಕರೆಯಕೂಡದು, ಆಕೆಯ ಕುರಿಯ ಉಣ್ಣೆ ಕತ್ತರಿಸಲು ಹೊರಗಿನವರಾರೂ ಹೋಗಕೂಡದು ಎಂದು ಕಟ್ಟಳೆ ಮಾಡಿದರು. ಆಕೆ ಮರಿಯನ್ನು ಎತ್ತಿಕೊಂಡು ಎದ್ದಳು. "ಹಂಗಾರ ನಿಮ್ಮ ಮರಿ ಕಿವ್ಯಾಗಿನ ಹುಳ ನೀವ ಆರಿಸ್ಕೊಳ್ರಿ" ಎಂದು ಹೇಳಿ ನಡೆದಳು.

ಮರುದಿನ ಕಾಶಿಂಸಾಬ ಬಂದ. ಕೋಲೂರಿಕೊಂಡು ರೊಪ್ಪದೊಳಗೆ ತಿರುಗಿ, ಕಿವಿ ಮುಟ್ಟಿ ಮುಟ್ಟಿ ನೋಡಿದ.

"ಈ ಎರಡು ಕಿವಿದು ಯಾರ ಗುರುತು?"

"ನಂದು" ಎಂದಳು ಗಂಗಕ್ಕ.

"ಯಾ ಅಲ್ಲಾ! ನಲ್ವತ್ತು ವರ್ಷ ಕುರಿ ಕೊಂಡೀನಿ ಅಮ್ಮಾ, ಹೆಂಗಸರ ಗುರುತು ಅಂತ ಕೇಳಿಲ್ಲ."

"ಈಗ ಕೇಳಿದೆಲ್ಲ. ಹೋದ ಕಡೆ ನಾಕು ಮಂದಿಗೆ ಹೇಳು. ದಾರ್ಯಾಗ ಇಂಥಾ ಕಿವಿದು ತಪ್ಪಿಸ್ಕೊಂಡು ಬಂದ್ರ ಯಾರ ಮನಿಗೆ ಹೊಡಿಬೇಕು ಗೊತ್ತಿರ್ಲಿ."

"ಕೊಡಾಂಗಿಲ್ಲ?"

"ದಂಡಿಗೆ ಒಬ್ಬನ್ನ ಕೊಟ್ಟೀನಿ ಸಾಬಾ. ಸಾಕು."

ಸಾಬ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ಉಚ್ಚೀರಪ್ಪನ ಹದಿನೆಂಟು ಕುರಿ ಮಾತ್ರ ಹೊಡೆದುಕೊಂಡು ಹೋದ.

ಆ ವರ್ಷ ಗಂಗಕ್ಕ ತನ್ನ ಹಿಂಡನ್ನು ತಾನೇ ಮೇಯಿಸಿದಳು. ಐವತ್ತು ದಾಟಿದ ಮೈ. ಕಟ್ಟೆಯ ಮೇಲೆ ಕೂತವರು ಎದ್ದು ಹೋಗುವವರೆಗೆ ದಾರಿಯ ನಡುವೆಯೇ ಕುರಿ ಹೊಡೆಯುತ್ತಿದ್ದಳು. ಊರಿನ ಹೊಸ ಮರಿಗಳ ಕಿವಿ ಕೊಯ್ಯಲು ಮಾರೆಣ್ಣನ ಮಗ ಮುಂದಾದ. ಹದಿನೈದು ದಿನದಲ್ಲಿ ಹೆಂಗಸರು ಒಬ್ಬೊಬ್ಬರಾಗಿ, ಸೆರಗಿನೊಳಗೆ ಮರಿ ಮುಚ್ಚಿಕೊಂಡು, ಗಂಗಕ್ಕನ ಹಿತ್ತಿಲಿಗೆ ಬರತೊಡಗಿದರು. ಆಕೆ ಸೀತಾಫಲದ ಎಲೆ ಅರೆದು ಹಾಕಿ ಕಳಿಸಿದಳು. ಯಾರ ಗಂಡನ ಹೆಸರನ್ನೂ ಕೇಳಲಿಲ್ಲ.

ಉಣ್ಣೆ ಕತ್ತರಿಸುವ ದಿನ ಬಂತು. ಒಂದು ಕುರಿಗೆ ಇಬ್ಬರು ಬೇಕು, ಒಬ್ಬರು ಹಿಡಿಯಲು, ಒಬ್ಬರು ಕತ್ತರಿಸಲು. ಗಂಗಕ್ಕ ಒಬ್ಬಳೇ ಕುರಿಯ ಕಾಲು ಕಟ್ಟಿ ಶುರು ಮಾಡಿದಳು. ಮೊದಲನೆಯದು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಏರುತ್ತಿತ್ತು. ಆಗ ಜಯಕ್ಕ ತನ್ನ ಹೆಣ್ಣುಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಎರಡನೆಯ ಕುರಿಯ ಕಾಲು ಹಿಡಿದಳು.

ಉಚ್ಚೀರಪ್ಪ ರೊಪ್ಪದ ಗೋಡೆ ಹತ್ತಿ ನಿಂತ. "ಏ, ಕಟ್ಟೆಮನಿ ಮಾತು ಮೀರ್ತಿಯೇನು?"

"ಹೊರಗಿನವರು ಬರಬಾರದು ಅಂದಾರ. ನಾ ಹೊರಗಿನಾಕೇನು? ಹಂಗಾರ ಇಷ್ಟು ವರ್ಷ ಯಾರ ಮನ್ಯಾಗ ರೊಟ್ಟಿ ಬಡ್ದೀನಿ?"

ಜಯಕ್ಕ ಗಂಡನ ಕಡೆ ಬೆನ್ನು ಮಾಡಿ ಅತ್ತೆಗೆ ಹೇಳಿದಳು. "ಅತ್ತಿ, ಮುಂದಿನ ತಿಂಗಳ ಕೂಸಿನ ಜಾವಳ ಐತಿ. ಹೆಣ್ಣಂತ ಯಾರೂ ಮರಿ ತರಾಂಗಿಲ್ಲ. ನಿಮ್ಮ ಗುರುತಿಂದು ಒಂದು ಕೊಡ್ತೀರೇನು?"

ಗಂಗಕ್ಕ ಕತ್ತರಿ ನಿಲ್ಲಿಸಿ ಸೊಸೆಯ ಮುಖ ನೋಡಿದಳು. ಕೂಸು ಬೆನ್ನಿನ ಮೇಲೆ ನಿದ್ದೆ ಮಾಡುತ್ತಿತ್ತು.

"ಒಂದ್ಯಾಕ? ನಾ ಸತ್ತ ಮ್ಯಾಲ ಎಲ್ಲಾ ಆಕೀವ. ಆಕಿ ಚೂರಿ ಹಿಡ್ಯಾದ ಕಲೀಲಿ, ಅಷ್ಟ."

ಗೋಡೆಯ ಮೇಲಿದ್ದವನು ಇಳಿಯಲೂ ಇಲ್ಲ, ಹೋಗಲೂ ಇಲ್ಲ. ಕತ್ತರಿ ಮೊಂಡಾಗಿತ್ತು. ಗಂಗಕ್ಕ ಅದನ್ನು ಅವನ ಕಡೆ ಎಸೆದಳು.

"ಅಲ್ಲೇ ಕುಂತು ಮಸಿ" ಎಂದಳು. "ಕತ್ತರಿ ಮಸೀಬ್ಯಾಡ ಅಂತ ಕಟ್ಟೆಮನಿ ಹೇಳಿಲ್ಲ."